ಮೀನಾ ಅಲ್ ಅಹ್ಮದಿಗೆ ಹೊರಡುವ ಮುನ್ನ ‘ಮಿಲಿಯನ್’ ತಿಳಿದಿರಲಿ

ಕುವೈತ್‌ನ ಮೀನಾ ಅಲ್ ಅಹ್ಮದಿ ತೈಲ ಸಂಸ್ಕರಣಾಗಾರಕ್ಕೆ ಕರಾವಳಿಯಿಂದ ಕೆಲಸಕ್ಕೆ ಹೊರಡುವ ಫಿಟ್ಟರ್, ವೆಲ್ಡರ್‌ಗಳು ಪಾಸ್‌ಪೋರ್ಟ್, ವೈದ್ಯಕೀಯ ತಪಾಸಣೆ ಎಲ್ಲಕ್ಕೂ ಸಿದ್ಧರಾಗಿರುತ್ತಾರೆ. ಆದರೆ ಅಲ್ಲಿ ಲಕ್ಷ, ಕೋಟಿ ನಡೆಯುವುದಿಲ್ಲ. ಎಲ್ಲ ಲೆಕ್ಕವೂ ಸಾವಿರ ಮತ್ತು ಮಿಲಿಯನ್‌ನಲ್ಲೇ.

ಮೊದಲು ಪರಿವರ್ತನೆ ಕಲಿಯಿರಿ. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ. ಮಿಲಿಯನ್ನನ್ನು ಹತ್ತರಿಂದ ಗುಣಿಸಿದರೆ ಲಕ್ಷ, ಹತ್ತರಿಂದ ಭಾಗಿಸಿದರೆ ಕೋಟಿ. ಬಿಲಿಯನ್ನನ್ನು ನೂರರಿಂದ ಗುಣಿಸಿದರೆ ಕೋಟಿ. 2022ರಲ್ಲಿ ಪೂರ್ಣಗೊಂಡ ಕುವೈತ್‌ನ ಸ್ವಚ್ಛ ಇಂಧನ ಯೋಜನೆಯ ಅಂದಾಜು ವೆಚ್ಚ ಸುಮಾರು 4.68 ಬಿಲಿಯನ್ ದಿನಾರ್, ಅಂದರೆ 468 ಕೋಟಿ. ಅರಬ್ಬಿ ಮಾತಾಡುವವರು ಬಿಲಿಯನ್‌ಗೆ ‘ಮಿಲಿಯಾರ್’ ಎನ್ನುತ್ತಾರೆ. ಕಿವಿಗೆ ಮಿಲಿಯನ್‌ನಂತೆಯೇ ಕೇಳುವುದರಿಂದ ಪದದ ಕೊನೆಯನ್ನು ಗಮನಿಸಿ. ತಪ್ಪಿದರೆ ಸಾವಿರ ಪಟ್ಟು ವ್ಯತ್ಯಾಸ.

ಅಲ್ಪವಿರಾಮ ಮೂರು ಅಂಕಿಗೊಮ್ಮೆ ಬರುತ್ತದೆ. ಆ ಯೋಜನೆಯ ನಂತರ ಸಂಸ್ಕರಣಾಗಾರದ ಸಾಮರ್ಥ್ಯ ದಿನಕ್ಕೆ 346,000 ಬ್ಯಾರೆಲ್. ನಾವು 3,46,000 ಎಂದು ಬರೆಯುವುದೇ ಇದು. ಸಂಬಳದ ಕಾಗದದಲ್ಲಿ ಇನ್ನೊಂದು ತೊಡಕಿದೆ. ದಿನಾರ್‌ಗೆ ನೂರು ಪೈಸೆಯಲ್ಲ, ಸಾವಿರ ಫಿಲ್ಸ್. ಹಾಗಾಗಿ ಬಿಂದುವಿನ ನಂತರ ಮೂರು ಅಂಕಿ ಇರುತ್ತದೆ. 120.500 ಎಂದಿದ್ದರೆ ಅದು ನೂರಿಪ್ಪತ್ತೂವರೆ ದಿನಾರ್. ಲಕ್ಷದ ಇಪ್ಪತ್ತು ಸಾವಿರದ ಐನೂರಲ್ಲ. ಸಹಿ ಹಾಕುವ ಮೊದಲು ಬಿಂದುವೋ ಅಲ್ಪವಿರಾಮವೋ ನೋಡಿ, ಅಕ್ಷರದಲ್ಲಿ ಬರೆದ ಮೊತ್ತವನ್ನೂ ಓದಿಸಿಕೊಳ್ಳಿ.

ತೈಲೋದ್ಯಮದ ಕಾಗದಗಳಲ್ಲಿ ‘ಎಂ’ ಅಕ್ಷರ ಕಂಡರೆ ಕೇಳಿ ತಿಳಿಯಿರಿ. ಬ್ಯಾಂಕಿನವರಿಗೆ ಅದು ಮಿಲಿಯನ್. ತೈಲದವರಿಗೆ ಬಹಳ ಸಲ ಬರೀ ಸಾವಿರ, ಅದು ರೋಮನ್ ಅಂಕಿಯ ಬಳುವಳಿ. ಸಾವಿರದ ಸಾವಿರವನ್ನು, ಅಂದರೆ ಮಿಲಿಯನ್ನನ್ನು, ಅವರು ‘ಎಂಎಂ’ ಎಂದು ಬರೆಯುತ್ತಾರೆ. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರದ ಸಾಮರ್ಥ್ಯವನ್ನು 15 ಎಂಎಂಟಿಪಿಎ ಎನ್ನುವುದೂ ಹೀಗೆಯೇ, ವರ್ಷಕ್ಕೆ ಒಂದೂವರೆ ಕೋಟಿ ಟನ್.

ಇಷ್ಟೂ ಹಣದ, ಸರಕಿನ ಲೆಕ್ಕ. ಪ್ರಾಣದ ಲೆಕ್ಕ ಇರುವುದು ‘ಪಿಪಿಎಂ’ನಲ್ಲಿ, ಅಂದರೆ ಮಿಲಿಯನ್ ಪಾಲಿನಲ್ಲಿ ಇಷ್ಟು ಪಾಲು. ಇದನ್ನು ಬಾಯಿಪಾಠ ಮಾಡಿ ಸುರಕ್ಷತಾ ಪರೀಕ್ಷೆ ಪಾಸಾಗುವವರೇ ಹೆಚ್ಚು. ಅರ್ಥವಾಗಬೇಕಾದರೆ ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕ್ ನೆನೆಯಿರಿ. ಅದರಲ್ಲಿ ಹತ್ತು ಲಕ್ಷ ಮಿಲಿಲೀಟರ್ ನೀರಿದೆ. ಒಂದು ಮಿಲಿಲೀಟರ್ ಬೆರೆಸಿದರೆ ಒಂದು ಪಿಪಿಎಂ, ಎರಡು ಟೀ ಚಮಚ ಬೆರೆಸಿದರೆ ಹತ್ತು.

ಕಚ್ಚಾ ತೈಲದ ಗಂಧಕದಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಎದೆಯ ಬಳಿ ಸಿಕ್ಕಿಸಿಕೊಳ್ಳುವ ಡಿಟೆಕ್ಟರ್ ಸಾಮಾನ್ಯವಾಗಿ ಹತ್ತು ಪಿಪಿಎಂಗೇ ಕೂಗುತ್ತದೆ. ಶುರುವಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ನೂರು ಪಿಪಿಎಂ ಆದಾಗ ಕೆಲವೇ ನಿಮಿಷಗಳಲ್ಲಿ ಮೂಗು ಸತ್ತುಹೋಗುತ್ತದೆ. ವಾಸನೆ ಹೋಯಿತು, ಅಪಾಯ ಕಳೆಯಿತು ಎಂದುಕೊಂಡವರು ಅಲ್ಲೇ ಉಳಿಯುತ್ತಾರೆ. ಸಾವಿರ ಪಿಪಿಎಂ ಕೇಳಲಿಕ್ಕೆ ದೊಡ್ಡದು, ಆದರೆ ಸಾವಿರ ಪಾಲು ಗಾಳಿಯಲ್ಲಿ ಅದು ಒಂದೇ ಪಾಲು. ಅಷ್ಟೇ ಸಾಕು, ಒಂದೆರಡು ಉಸಿರಿನಲ್ಲಿ ಆಳು ಕುಸಿಯುತ್ತಾನೆ.

ಆದ್ದರಿಂದ ಕೆಲಸದ ಜಾಗಕ್ಕೆ ಹೋದೊಡನೆ ಗಾಳಿಚೀಲ ಯಾವ ದಿಕ್ಕಿಗೆ ಹಾರುತ್ತಿದೆ, ಸೇರಬೇಕಾದ ಜಾಗ ಎಲ್ಲಿ ಎಂದು ನೋಡಿಟ್ಟುಕೊಳ್ಳಿ. ಡಿಟೆಕ್ಟರ್ ಕೂಗಿದರೆ ಮೂಗನ್ನು ನಂಬಿ ನಿಲ್ಲಬೇಡಿ. ಗಾಳಿಗೆ ಅಡ್ಡಲಾಗಿ ಸರಿದು, ನಂತರ ಗಾಳಿ ಬರುವ ಕಡೆಗೆ ಹೋಗಿ. ಈ ಅನಿಲ ಗಾಳಿಗಿಂತ ಭಾರ. ತಗ್ಗಿಗೆ, ಗುಂಡಿಗೆ ಇಳಿಯಬೇಡಿ. ಜೊತೆಗಾರ ಬಿದ್ದಿದ್ದರೂ ಉಸಿರಾಟದ ಸಾಧನವಿಲ್ಲದೆ ಹಿಂದಿರುಗಬೇಡಿ, ತಕ್ಷಣ ರಕ್ಷಣಾ ತಂಡಕ್ಕೆ ತಿಳಿಸಿ.