ರೆಗ್ಯುಲೇಟರ್ ಕೊನೆಗಿರಲಿ

ಹಳೆಯ ಜೇಬುಗಡಿಯಾರ ಹಿಂದೆ ಬೀಳತೊಡಗಿದರೆ ಮೊದಲು ಕೈ ಹೋಗುವುದು ವೇಗ ಹೊಂದಿಸುವ ರೆಗ್ಯುಲೇಟರ್ ಕಡ್ಡಿಯತ್ತ. ಅದನ್ನು ಮುಟ್ಟಬೇಕಾದದ್ದು ಕೊನೆಗೆ ಎಂದು ನನಗೆ ಕಲಿಸಿದ್ದು ತಾತನ ಕಾಲದ ಸ್ವಿಸ್ ಗಡಿಯಾರ. ದಿನಕ್ಕೆ ಹನ್ನೆರಡು ನಿಮಿಷ ಹಿಂದೆ ಬೀಳುತ್ತಿತ್ತು. ಮುಚ್ಚಳ ತೆಗೆದು ನೋಡಿದರೆ ಕಡ್ಡಿಯನ್ನು ಯಾರೋ ಆಗಲೇ ‘ಎಫ್’ (ವೇಗ) ಕಡೆಯ ತುದಿಗೆ ತಳ್ಳಿದ್ದರು. ಇನ್ನು ತಳ್ಳಲು ಜಾಗವಿರಲಿಲ್ಲ. ರೋಗ ಬೇರೆಡೆ ಇತ್ತು.

ಇಂಥ ಗಡಿಯಾರ ಗಂಟೆಗೆ 18,000 ಸಲ ಬಡಿಯುತ್ತದೆ, ದಿನಕ್ಕೆ 4,32,000 ಸಲ. ಹನ್ನೆರಡು ನಿಮಿಷವೆಂದರೆ 3,600 ಬಡಿತ. ಅಂದರೆ ನೂರಿಪ್ಪತ್ತಕ್ಕೆ ಒಂದು ಕಡಿಮೆ. ಇಷ್ಟು ವ್ಯತ್ಯಾಸಕ್ಕೆ ಒಣಗಿದ ಎಣ್ಣೆ, ಸೋತ ಸ್ಪ್ರಿಂಗ್ ಸಾಕು.

ಪೂರ್ತಿ ಕೀಲಿ ಕೊಟ್ಟು ಬ್ಯಾಲೆನ್ಸ್ ಚಕ್ರವನ್ನು ಗಮನಿಸಿದೆ. ಆರೋಗ್ಯವಾಗಿದ್ದರೆ ಅದು ಆಚೆಗೊಮ್ಮೆ ಈಚೆಗೊಮ್ಮೆ ಹತ್ತಿರಹತ್ತಿರ ಮುಕ್ಕಾಲು ಸುತ್ತು ತೂಗಬೇಕು. ಇದು ಅರ್ಧ ಸುತ್ತನ್ನೂ ದಾಟುತ್ತಿರಲಿಲ್ಲ. ನೆಟ್ಟಗೆ ನಿಲ್ಲಿಸಿದರೆ ಇನ್ನೂ ಸೊರಗುತ್ತಿತ್ತು.

ಬಿಚ್ಚುವ ಮುನ್ನ ಕೀಲಿ ಇಳಿಸಲೇಬೇಕು. ಇಲ್ಲವಾದರೆ ಚಕ್ರಗಳನ್ನು ತಡೆತಡೆದು ಬಿಡುವ ಪ್ಯಾಲೆಟ್ ತೆಗೆದ ಕ್ಷಣ ಚಕ್ರಗಳು ಗಿರ್ರನೆ ತಿರುಗಿ ಹಲ್ಲೋ ಅಚ್ಚಿನ ತುದಿಯೋ ಮುರಿಯಬಹುದು. ಒಳಗೆ ಕೆಂಪು ಕಲ್ಲುಗಳ ಕುಳಿಯಲ್ಲಿ ಎಣ್ಣೆ ಕಂದು ಅಂಟಾಗಿತ್ತು. ಡಬ್ಬಿಯಿಂದ ಬಿಡಿಸಿದ ಮೈನ್‌ಸ್ಪ್ರಿಂಗ್ ಅಗಲವಾಗಿ ಬಿಚ್ಚಿಕೊಳ್ಳದೆ ಮುದುಡಿಕೊಂಡೇ ಉಳಿಯಿತು. ಕಸುವು ಹೋದ ಉಕ್ಕಿನ ಗುರುತು ಅದೇ. ಅದೇ ಅಗಲ, ದಪ್ಪ, ಉದ್ದದ ಹೊಸದನ್ನು ಹಾಕಿದೆ. ದಪ್ಪದ್ದು ಹಾಕಿದರೆ ಬಲ ಹೆಚ್ಚಾಗಿ ಚಕ್ರಕ್ಕೆ ಪೆಟ್ಟು. ತೊಳೆದ ಮೇಲೆ ಕಲ್ಲುಗಳಿಗೆ ಸೂಜಿಮೊನೆಯಷ್ಟು ಎಣ್ಣೆ ಸಾಕು. ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ಹೇರ್‌ಸ್ಪ್ರಿಂಗ್‌ಗೆ ಹನಿಯೂ ತಾಗಬಾರದು. ಸುರುಳಿಗಳು ಒಂದಕ್ಕೊಂದು ಅಂಟಿದರೆ ಗಡಿಯಾರ ಹುಚ್ಚುಹುಚ್ಚಾಗಿ ಮುಂದೋಡುತ್ತದೆ.

ಜೋಡಿಸಿದಾಗ ತೂಗಾಟ ಮರಳಿತು, ಗಡಿಯಾರ ಈಗ ಮುಂದೆ ಓಡತೊಡಗಿತು. ರೆಗ್ಯುಲೇಟರ್‌ನ ಸರದಿ ಬಂದದ್ದು ಆಗ. ಕಡ್ಡಿಯನ್ನು ಕೂದಲೆಳೆಯಷ್ಟು ‘ಎಸ್’ (ನಿಧಾನ) ಕಡೆಗೆ ಸರಿಸುವುದು, ಮರುದಿನ ಅದೇ ಹೊತ್ತಿಗೆ ಕೀಲಿ ಕೊಟ್ಟು ಹೋಲಿಸುವುದು, ಮತ್ತೆ ಸರಿಸುವುದು. ಪರೀಕ್ಷೆ ಮೇಜಿನ ಮೇಲೆ ಮಲಗಿಸಿ ಅಲ್ಲ, ಜೇಬಿನಲ್ಲಿರುವಂತೆ ನೆಟ್ಟಗೆ ತೂಗುಹಾಕಿ.

ಈಗ ವ್ಯತ್ಯಾಸ ದಿನಕ್ಕೆ ಅರ್ಧ ನಿಮಿಷದೊಳಗಿದೆ. ಇನ್ನೂ ನಿಖರ ಮಾಡಬೇಕೆಂದರೆ ಬ್ಯಾಲೆನ್ಸ್ ಚಕ್ರದ ತಿರುಪುಗಳ ತೂಕಕ್ಕೆ ಕೈ ಹಾಕಬೇಕು. ಅಲ್ಲಿ ಅರದಿಂದ ಉಜ್ಜಿ ತೆಗೆದ ಲೋಹ ಮತ್ತೆ ಸೇರುವುದಿಲ್ಲ. ಆ ಅರ್ಧ ನಿಮಿಷವನ್ನು ನಾನು ಹಾಗೇ ಬಿಟ್ಟಿದ್ದೇನೆ.