ವರ್ಷಕ್ಕೊಮ್ಮೆ ಕಡಲು, ರಜೆಗೊಮ್ಮೆ ಭೀಮೆ

ಜೇವರ್ಗಿಯಿಂದ ಗೋಕರ್ಣಕ್ಕೆ ಸುಮಾರು 480 ಕಿಲೋಮೀಟರ್. ಸಿಂದಗಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲಾ ಮುಟ್ಟುವಷ್ಟರಲ್ಲಿ ಹತ್ತು ತಾಸು ಕಾರಿನಲ್ಲೇ ಕಳೆದಿರುತ್ತದೆ. ಅಫಜಲಪುರದವರಿಗೂ ಹೆಚ್ಚುಕಡಿಮೆ ಅಷ್ಟೇ, ಆಳಂದದವರಿಗೆ ಇನ್ನೊಂದಿಷ್ಟು ಜಾಸ್ತಿ. ಆದರೂ ಮಕ್ಕಳಿಗೆ ಒಮ್ಮೆ ಸಮುದ್ರ ತೋರಿಸಬೇಕು ಎಂಬ ಆಸೆ ನಮ್ಮ ಭಾಗದ ಮನೆಮನೆಯಲ್ಲಿದೆ. ಆ ಆಸೆ ಸಾಲವಿಲ್ಲದೆ ತೀರಬೇಕು ಎಂಬುದೇ ಈ ವಾರದ ಅಂಕಣದ ಕಾಳಜಿ.

ಪ್ರವಾಸದ ದುಡ್ಡನ್ನು ನಾನು ಎರಡು ಭಾಗ ಮಾಡಿ ಬರೆಯುತ್ತೇನೆ: ದಾರಿ ಖರ್ಚು ಒಂದು, ಇರುವ ಖರ್ಚು ಇನ್ನೊಂದು. ಹೋಗಿಬರಲು, ಅಲ್ಲಿ ಸುತ್ತಾಡಲು ಸೇರಿ 1,100 ಕಿಲೋಮೀಟರ್ ಹಿಡಿಯೋಣ. ಲೀಟರಿಗೆ 18 ಕಿಲೋಮೀಟರ್ ಕೊಡುವ ಕಾರಿಗೆ 61 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 103 ರೂಪಾಯಿಯಂತೆ ಸುಮಾರು 6,300 ಆಯಿತು. ಟೋಲಿಗೆ ಸಾವಿರ ತೆಗೆದಿಟ್ಟರೆ ದಾರಿ ಖರ್ಚು 7,300. ಒಂದು ರಾತ್ರಿ ಉಳಿದರೂ ಇಷ್ಟೇ, ವಾರ ಉಳಿದರೂ ಇಷ್ಟೇ.

ಇರುವ ಖರ್ಚು ಹಾಗಲ್ಲ, ದಿನ ಹೆಚ್ಚಿದಂತೆ ಅದೂ ಬೆಳೆಯುತ್ತದೆ. ನಾಲ್ಕು ಜನರ ಮನೆಗೆ ಸಾಧಾರಣ ರೂಮಿಗೆ 2,000, ಊಟ ತಿಂಡಿಗೆ 1,600, ಮೇಲುಖರ್ಚಿಗೆ 400, ಒಟ್ಟು ದಿನಕ್ಕೆ 4,000 ಎಂದಿಟ್ಟುಕೊಳ್ಳಿ. ಶನಿವಾರ ನಸುಕಿನಲ್ಲಿ ಹೊರಟು ಭಾನುವಾರ ಮಧ್ಯಾಹ್ನ ವಾಪಸು ಹೊರಟರೆ ಕಡಲ ದಂಡೆಯ ಒಂದೇ ದಿನಕ್ಕೆ 11,300 ಬೀಳುತ್ತದೆ. ಸೋಮವಾರ, ಮಂಗಳವಾರ ರಜೆ ಹಾಕಿ ಮೂರು ರಾತ್ರಿ ಉಳಿದರೆ ಒಟ್ಟು 19,300. ಅಂದರೆ ದಿನಕ್ಕೆ 6,400ರ ಆಸುಪಾಸು. ಕೈಯಿಂದ ಹೋಗುವ ದುಡ್ಡು ಹೆಚ್ಚು, ನಿಜ. ಆದರೆ ಕಡಲಿನ ಒಂದೊಂದು ದಿನದ ಬೆಲೆ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಮೇಲಾಗಿ ಭಾನುವಾರ ರಾತ್ರಿ ಕಳೆದರೆ ರೂಮಿನ ದರವೂ ಸಾಮಾನ್ಯವಾಗಿ ಇಳಿಯುತ್ತದೆ.

ಎರಡೂ ಬಗೆಯಲ್ಲಿ ನಮ್ಮ ಮನೆಯವರು ಹೋಗಿ ಬಂದಿದ್ದೇವೆ. ಕುಡ್ಲೆ ದಂಡೆಯಿಂದ ಓಂ ದಂಡೆಗೆ ಗುಡ್ಡದ ಮೇಲೆ ಒಂದು ಕಾಲುದಾರಿ ಇದೆ. ಅದರ ನಡುವೆ ಅವ್ವ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ ಕೂತು, ದಸ್ತಿಯ ಗಂಟು ಬಿಚ್ಚಿ ಶೇಂಗಾ ಹೋಳಿಗೆ ಹಂಚುತ್ತಾ ಅಂದಿದ್ದಳು: “ಇಷ್ಟು ದೂರ ಬಂದು ನಾಳಿಗೇ ಹೊಂಟ್ರ, ಕಾರ್ ಓಡಿಸ್ಲಾಕ ಬಂದಂಗಾತು ನೋಡಪಾ.” ನಾನು ಪುಸ್ತಕದಲ್ಲಿ ಕೂಡಿಸಿ ಕಳೆದು ಕಂಡುಕೊಂಡ ಲೆಕ್ಕವೂ ಅದನ್ನೇ ಹೇಳುತ್ತದೆ.

ಗೋಕರ್ಣವನ್ನೇ ಹೆಸರಿಸಿದ್ದಕ್ಕೂ ಕಾರಣವಿದೆ. ಅಲ್ಲಿನ ದೊಡ್ಡ ಸುಖಕ್ಕೆ ಟಿಕೆಟ್ ಇಲ್ಲ. ಊರಿನ ದಂಡೆಯಿಂದ ದಕ್ಷಿಣಕ್ಕೆ ನಡೆದರೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಒಂದಾದ ಮೇಲೊಂದು ಸಿಗುತ್ತವೆ. ಓಂ ದಂಡೆಯ ತನಕ ವಾಹನ ಹೋಗುತ್ತದೆ, ಹಾಫ್ ಮೂನಿಗೆ ಕಾಲ್ನಡಿಗೆ ಇಲ್ಲವೇ ದೋಣಿ. ಹೋಗುವಾಗ ನಡೆದು, ಬರುವಾಗ ದೋಣಿ ಹತ್ತಿದರೆ ಮಕ್ಕಳಿಗೆ ಎರಡೂ ದಕ್ಕುತ್ತವೆ. ಕ್ರಿಸ್‌ಮಸ್, ಹೊಸ ವರ್ಷ, ಶಿವರಾತ್ರಿ ಜಾತ್ರೆಯ ದಿನಗಳನ್ನು ಬಿಡಿ, ಆಗ ರೂಮಿನ ದರ ಏರಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲು ಒರಟು, ಘಟ್ಟದ ದಾರಿಯೂ ನೆಚ್ಚುವಂಥದ್ದಲ್ಲ.

ಫಾಸ್ಟ್ಯಾಗ್ ವಾರ್ಷಿಕ ಪಾಸ್ ತೆಗೆದುಕೊಳ್ಳಬೇಕೇ ಎಂದು ಹಲವರು ಕೇಳುತ್ತಾರೆ. 2025ರ ಆಗಸ್ಟ್ 15ರಿಂದ ಜಾರಿಗೆ ಬಂದ ಈ ಪಾಸ್ ಶುರುವಾದಾಗ ಅದರ ಬೆಲೆ 3,000. ಖಾಸಗಿ ಕಾರುಗಳಿಗೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅಲ್ಲಿಯ ತನಕ ನಡೆಯುತ್ತದೆ. ಒಂದು ಪ್ರವಾಸದ ಟೋಲ್ ಸಾವಿರವಾದರೆ ಮೂರು ಸಲ ಹೋಗಿಬಂದ ಮೇಲೆ ಅಸಲು ಗಿಟ್ಟುತ್ತದೆ. ವರ್ಷಕ್ಕೊಮ್ಮೆ ಹೊರಡುವವರಿಗೆ ಅದು ಬೇಡ.

ಇನ್ನು 19,300 ಎಲ್ಲಿಂದ ತರಬೇಕು? ಕೈಗಡದಿಂದ ಖಂಡಿತ ಬೇಡ. ನೂರಕ್ಕೆ ಮೂರರ ಬಡ್ಡಿಯಲ್ಲಿ 20,000 ತಂದರೆ ತಿಂಗಳಿಗೆ 600 ಬಡ್ಡಿಗೇ ಹೋಗುತ್ತದೆ. ಹತ್ತು ತಿಂಗಳು ಅಸಲು ತೀರಿಸದಿದ್ದರೆ ಬಡ್ಡಿಯೇ 6,000, ಹೆಚ್ಚುಕಡಿಮೆ ಇಡೀ ಪ್ರವಾಸದ ಪೆಟ್ರೋಲ್ ದುಡ್ಡು. ಅದರ ಬದಲು ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ತೆರೆದು ತಿಂಗಳಿಗೆ 1,650 ಕಟ್ಟಿ. ಶೇ 6.5ರ ಬಡ್ಡಿ ಸಿಕ್ಕರೆ ಕೊನೆಗೆ 20,500ರ ಹತ್ತಿರ ಕೈಗೆ ಬರುತ್ತದೆ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಈ ಕೆಲಸಕ್ಕೆ ಹೊಂದುವುದಿಲ್ಲ.

ರೈತರ ಮನೆಗೆ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ, ತೊಗರಿ ರಾಶಿಯಾದ ಮೇಲೆ ಒಮ್ಮೆಲೇ ಬರುತ್ತದೆ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000. ಆ ಲೆಕ್ಕದಲ್ಲಿ ಕಡಲ ಪ್ರವಾಸದ ಬೆಲೆ ಎರಡೂವರೆ ಕ್ವಿಂಟಲ್ ತೊಗರಿಗಿಂತ ತುಸು ಕಡಿಮೆ. ಮೊದಲು ಜೂನ್ ತಿಂಗಳ ಬೀಜ, ಗೊಬ್ಬರ, ಶಾಲೆಯ ಫೀ ಎತ್ತಿಡಿ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹೊಲ ನುಂಗಿದ್ದನ್ನು ಕಂಡವರಿಗೆ ಆಪತ್ತಿನ ಗಂಟು ಎಷ್ಟು ಮುಖ್ಯ ಎಂದು ಹೇಳಬೇಕಿಲ್ಲ, ಅದನ್ನೂ ಎತ್ತಿಡಿ. ಉಳಿದದ್ದರಲ್ಲಿ ಪ್ರವಾಸದ ಪಾಲು ಬೇರೆ ಖಾತೆಗೆ ಹೋಗಲಿ. ಉಳಿಯದ ವರ್ಷ ಕಡಲು ಮುಂದಿನ ವರ್ಷಕ್ಕಿರಲಿ.

ಹಾಗಾದರೆ ಉಳಿದ ಶನಿವಾರ, ಭಾನುವಾರಗಳಿಗೆ? ನಮಗೆ ಭೀಮೆಯ ದಂಡೆ ಇದೆ. ಎಳ್ಳಮಾಸಿಗೆ ಭಜ್ಜಿ, ಕಡುಬು, ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವ ಜನ ನಾವು. ಬುತ್ತಿ ಕಟ್ಟಿಕೊಂಡು ಹೊರಡುವುದು ನಮಗೆ ಯಾರೂ ಕಲಿಸಬೇಕಿಲ್ಲ. ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ದತ್ತನ ಗುಡಿಯಿಂದ ಭೀಮಾ-ಅಮರ್ಜಾ ಸಂಗಮಕ್ಕೆ ಸುಮಾರು ಮೂರು ಕಿಲೋಮೀಟರ್, ಬೆಳಗಿನ ತಂಪಿನಲ್ಲಿ ನಡೆಯಲು ಹೇಳಿ ಮಾಡಿಸಿದ ದಾರಿ. ಆಳಂದದ ಕಡೆಯಿಂದ ಹರಿದು ಬಂದ ಅಮರ್ಜಾ ಅಲ್ಲಿ ಭೀಮೆಯನ್ನು ಕೂಡುತ್ತಾಳೆ. ಘತ್ತರಗಿಯ ಭಾಗ್ಯವಂತಿ ಗುಡಿಯೂ ಹೊಳೆ ದಂಡೆಯಲ್ಲೇ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ 1986ರಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪವೇ ದೊರೆತಿದೆ. ದೇಶವೇ ನೋಡಬೇಕಾದ ಜಾಗವನ್ನು ನಮ್ಮ ಮಕ್ಕಳು ಮೊದಲು ನೋಡಲಿ. ಹೊಳೆಗೆ ಇಳಿಯುವಾಗ ಮಾತ್ರ ಜೋಕೆ, ಮರಳು ತೆಗೆದ ಗುಂಡಿ ಮೇಲೆ ಕಾಣುವುದಿಲ್ಲ.

ಇಂಥ ಒಂದು ದಿನಕ್ಕೆ 150 ಕಿಲೋಮೀಟರ್ ಸುತ್ತಿದರೂ ಪೆಟ್ರೋಲ್ ಸುಮಾರು 860. ಚಹಾ, ತೆಂಗಿನಕಾಯಿ, ಹೂವು, ಸಂಜೆಯ ಮಿರ್ಚಿ ಭಜಿ ಸೇರಿ 1,500 ದಾಟುವುದಿಲ್ಲ. ಬಸ್ಸಿನಲ್ಲಿ ಹೋದರೆ ಇನ್ನೂ ಕಡಿಮೆ: 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ಮುಖ್ಯವಾಗಿ, ನಾವು ಕೊಟ್ಟ ದುಡ್ಡು ನಮ್ಮದೇ ತಾಲೂಕಿನ ಹೂವಿನವಳಿಗೆ, ಖಾನಾವಳಿಯವರಿಗೆ ಸೇರುತ್ತದೆ.

ಹೀಗಾಗಿ ನನ್ನ ಸಲಹೆ ಸರಳ. ಎರಡು ದಿನ ರಜೆ ಸಿಕ್ಕಾಗ ಭೀಮೆಗೆ ಹೋಗಿ. ಗೋಕರ್ಣಕ್ಕೆ ಮೂರು ರಾತ್ರಿ ಉಳಿಯುವಷ್ಟು ರಜೆ, ಅಷ್ಟೂ ದುಡ್ಡು ಮೊದಲೇ ಕೂಡಿದಾಗ ಹೊರಡಿ. ಈ ತಿಂಗಳೇ ಆ ಖಾತೆ ತೆರೆಯಿರಿ. ಎಷ್ಟು ಕೂಡಿದೆ ಎಂದು ಮನೆಯ ಎಲ್ಲರಿಗೂ ಗೊತ್ತಿರಲಿ, ಮಕ್ಕಳಿಗೂ. ಬೇಕಾದದ್ದಕ್ಕೆ ಮೊದಲು ಕೂಡಿಟ್ಟು ಆಮೇಲೆ ಹೊರಡುವುದನ್ನು ಅವರು ಮನೆಯಲ್ಲೇ ಕಲಿಯಲಿ.