ಕೊಯ್ಲಿಗೆ ಮುಂಚೆ ಕರೆದ ಸಭೆ

2015ರಲ್ಲಿ ನಾನು ಗ್ರಾಮ ಪಂಚಾಯಿತಿ ಸದಸ್ಯೆಯಾದಾಗ ಕಳಸ ಇನ್ನೂ ಮೂಡಿಗೆರೆ ತಾಲ್ಲೂಕಿನಲ್ಲೇ ಇತ್ತು. 14ನೇ ಹಣಕಾಸು ಆಯೋಗದ ಹಣ ನೇರವಾಗಿ ಪಂಚಾಯಿತಿಗೇ ಬರತೊಡಗಿದ ವರ್ಷ ಅದು. ‘ನಮ್ಮ ಗ್ರಾಮ ನಮ್ಮ ಯೋಜನೆ’, ಆ ಹಣ ಹೇಗೆ ಖರ್ಚಾಗಬೇಕೆಂದು ಊರವರೇ ಕೂತು ಬರೆಯಿರಿ ಎಂದಿತು ಸರ್ಕಾರ. ನಾನು ಡಿಸೆಂಬರಿನ ಒಂದು ಬೆಳಿಗ್ಗೆ 11 ಗಂಟೆಗೆ ವಾರ್ಡ್ ಸಭೆ ಕರೆದೆ.

ಬಂದವರು ಒಂಬತ್ತು ಜನ. ಎಲ್ಲರೂ ತೋಟದ ಯಜಮಾನರು, ಎಲ್ಲರೂ ಗಂಡಸರು. ಅರೇಬಿಕಾ ಕಾಫಿ ಹಣ್ಣಾಗಿ ಕೊಯ್ಲು ಜೋರಾಗಿದ್ದ ಹೊತ್ತು, ಉಳಿದವರೆಲ್ಲ ಗಿಡದ ಬುಡದಲ್ಲಿದ್ದರು. ಸಭೆಯಲ್ಲಿ ಶೇ 30ರಷ್ಟು ಹೆಂಗಸರಿರಬೇಕೆಂಬುದು ನಿಯಮ. ಆಮೇಲೆ ಹಾಜರಿ ಪುಸ್ತಕವನ್ನು ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಕಳಿಸಿ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡೆವು. ತಪ್ಪೆಂದು ಗೊತ್ತಿದ್ದೂ ಮಾಡಿದೆ. ಆ ಯೋಜನೆಯಲ್ಲಿ ಮೂರು ಕಾಂಕ್ರೀಟ್ ರಸ್ತೆಗಳಿದ್ದವು, ಮೂರೂ ಆ ಒಂಬತ್ತು ಜನರ ಗೇಟಿನ ಕಡೆಗೇ ಹೋಗುವಂಥವು. ಜೊತೆಗೆ, ಹಳ್ಳದಾಚೆಯ ಇಳಿಜಾರಿನ ಸರ್ಕಾರಿ ಜಾಗದಲ್ಲಿ ನಿವೇಶನವಿಲ್ಲದ ಕಾರ್ಮಿಕರಿಗೆ ಸೈಟು ಕೊಡಬೇಕೆಂದು ನಾನೇ ಬರೆಸಿದ್ದೆ. ಒಳ್ಳೆಯ ಕೆಲಸ ಮಾಡಿದೆನೆಂದು ನಂಬಿದ್ದೆ.

ಜನ ಸಭೆಗೆ ಬರುವುದೇ ಇಲ್ಲ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ನಾನು ಒಪ್ಪುವುದಿಲ್ಲ. ಪಶ್ಚಿಮ ಘಟ್ಟದ ಕುರಿತ ಕಸ್ತೂರಿರಂಗನ್ ವರದಿಯ ಬಗ್ಗೆ ಅಭಿಪ್ರಾಯ ಕೇಳಿದ ದಿನ ಜಗಲಿ ತುಂಬಿ ಅಂಗಳದಲ್ಲೂ ಜನ ನಿಂತಿದ್ದರು. ರಾಜ್ಯದ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿದ್ದ ಆ ವರದಿ ಇಂಗ್ಲಿಷಿನಲ್ಲಿತ್ತು. ನಮ್ಮಲ್ಲಿ ಅದನ್ನು ಓದಿದವರಿರಲಿಲ್ಲ, ಎತ್ತಂಗಡಿಯ ಭಯ ಮಾತ್ರ ಮನೆಮನೆಗೂ ಮುಟ್ಟಿತ್ತು. ಅದಕ್ಕೂ ಮೊದಲು, 2011ರಲ್ಲೇ, ಮಾಧವ ಗಾಡ್ಗೀಳ್ ಸಮಿತಿ ಗ್ರಾಮಸಭೆಗಳನ್ನು ಕೇಳಿ ಮುಂದುವರಿಯಿರಿ ಎಂದಿತ್ತು. ಆ ಮಾತು ನಮ್ಮ ಜಗಲಿಯವರೆಗೆ ಬರಲೇ ಇಲ್ಲ. ಬೇಡ ಎನ್ನುವುದಕ್ಕೆ ಕರೆದಾಗ ಬಂದವರನ್ನು, ಏನು ಬೇಕು ಎಂದು ನಾವು ಸರಿಯಾದ ಹೊತ್ತಿನಲ್ಲಿ ಕೇಳಿರಲಿಲ್ಲ.

2019ರ ಆಗಸ್ಟ್ ಮಳೆಯನ್ನು ಈ ಕಡೆಯವರು ಮರೆಯಲಾರರು. ಮೂಡಿಗೆರೆಯ ಮಲೆಮನೆಯಲ್ಲಿ ಗುಡ್ಡ ಜರಿದು ಮನೆಗಳು ಹೋದವು. ಹೆಬ್ಬಾಳೆ ಸೇತುವೆ ಮುಳುಗಿ ಕಳಸದಿಂದ ಹೊರನಾಡಿಗೆ ದಾರಿ ಕಡಿಯಿತು. ನಮ್ಮ ಹಳ್ಳದ ಅಡಿಕೆ ಮರದ ಕಾಲುಸಂಕವೂ ಕೊಚ್ಚಿಹೋಯಿತು. ಲೈನಿನ ಮಕ್ಕಳು ಹದಿನೈದು ದಿನ ಅಂಗನವಾಡಿಯ ಮುಖ ನೋಡಲಿಲ್ಲ.

ಯೋಜನೆ ಬರೆಯುವ ಅಭಿಯಾನ ಆಗ ಅಕ್ಟೋಬರ್ 2ಕ್ಕೆ ಶುರುವಾಗಿ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ತಡಮಾಡಿದಷ್ಟೂ ಕೊಯ್ಲಿನ ಬಾಯಿಗೆ ಬೀಳುತ್ತಿದ್ದೆವು. ಆ ವರ್ಷ ಅಕ್ಟೋಬರಿನಲ್ಲೇ, ರಜೆಯ ದಿನ, ಸಂತೆಗೆ ಹೋದವರು ತಿರುಗಿ ಬಂದ ಮೇಲೆ, ಒಂದು ತೋಟದ ಕಣದಲ್ಲಿ ಸೇರಿದೆವು. ಕೊಯ್ಲು ಶುರುವಾಗದೆ ಕಣ ಖಾಲಿಯಿತ್ತು. ಕುರ್ಚಿ ಹಾಕಿಸಲಿಲ್ಲ. ನೆಲದ ಮೇಲೇ ಊರು ಬರೆಯಿರಿ ಎಂದೆ.

ಮೊದಲು ಯಾರೂ ಏಳಲಿಲ್ಲ. ಆಮೇಲೆ ಒಬ್ಬಳು ಹುಡುಗಿ ರಂಗೋಲಿ ಪುಡಿಯಲ್ಲಿ ಹಳ್ಳ ಎಳೆದಳು. ಇನ್ನೊಬ್ಬಳು ‘ಅಲ್ಲಿ ಅಷ್ಟು ನೆಟ್ಟಗಿಲ್ಲ ಕಣೇ’ ಎಂದು ತಿದ್ದಿದಳು. ರಸ್ತೆಗೆ ಇದ್ದಿಲು, ಮನೆಗಳಿಗೆ ಹೆಂಚಿನ ಚೂರು. ನಾನು ಕೇಳಿಯೇ ಇರದ ಕಾಲುದಾರಿಗಳು ಒಂದೊಂದಾಗಿ ಕಾಣಿಸಿಕೊಂಡವು. ದಿನಾ ನಡೆಯುವವರಿಗೆ ಮಾತ್ರ ಗೊತ್ತಿದ್ದ ದಾರಿಗಳವು. ನಾನು ಸೈಟಿನ ಜಾಗವನ್ನು ತೋರಿಸಿದಾಗ ವಯಸ್ಸಾದ ಹೆಂಗಸೊಬ್ಬರು ಎದ್ದು ಬಂದು ಅದರ ಮೇಲೆ ಕಾಲಿಟ್ಟರು.

‘ಇಲ್ಲಿ ಬೇಡ ಅಮ್ಮಾ. ಬೇಸಿಗೆಲೂ ಜೌಗು. ಮೇಲಿಂದ ಒರತೆ ಬರುತ್ತೆ. ನಾವು ದನಾನೂ ಕಟ್ತಿರ್ಲಿಲ್ಲ.’

ಅವರಿಗೆ ಸ್ವಂತ ಸೂರಿರಲಿಲ್ಲ. ಕೆಲಸ ಬಿಟ್ಟ ದಿನ ಲೈನ್ ಮನೆಯೂ ಬಿಡಬೇಕು. ಅಂಥವರೇ ಬೇಡ ಎಂದರು. ಮರುದಿನ ಅವರ ಜೊತೆ ಆ ಇಳಿಜಾರು ಹತ್ತಿದೆ. ಮಳೆ ನಿಂತು ವಾರಗಳಾಗಿದ್ದರೂ ಚಪ್ಪಲಿ ಹೂತುಹೋಯಿತು.

ಹಾಗಾದರೆ ಮನೆ ಎಲ್ಲಿ? ಕಷ್ಟ ಅಲ್ಲಿಂದಲೇ ಶುರುವಾಯಿತು. ಗಟ್ಟಿ ನೆಲದ ಸರ್ಕಾರಿ ಜಾಗ ಊರಲ್ಲಿತ್ತು, ಆದರೆ ಅದರ ಮೇಲೆ ಬಹುಕಾಲದಿಂದ ಕಾಫಿ ನಿಂತಿತ್ತು. ಆ ಒತ್ತುವರಿಯಲ್ಲಿ ನಮ್ಮ ನೆಂಟರದ್ದೂ ಇತ್ತು. ಅದನ್ನು ಸಭೆಯಲ್ಲಿ ಹೇಳಿದ ಮೇಲೆ ಎರಡು ಮನೆಯವರು ನನ್ನ ಜೊತೆ ಮಾತು ಬಿಟ್ಟರು. ಎಲ್ಲರನ್ನೂ ಕೂರಿಸಿ ಕೇಳಿದರೆ ಒಮ್ಮತ ತಾನಾಗಿ ಬರುತ್ತದೆ ಎಂದುಕೊಂಡಿದ್ದೆ. ಬದಲಿಗೆ, ಅಷ್ಟು ದಿನ ಮಾತಿಲ್ಲದೆ ಮುಚ್ಚಿದ್ದ ಜಗಳ ಎದುರಿಗೆ ಬಂತು. ಬರಲೇಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ.

ಇಳಿಜಾರಿನ ಸೈಟುಗಳನ್ನು ಕೈಬಿಟ್ಟೆವು. ಆ ಜಾಗದಲ್ಲಿ ಏನೂ ಕಟ್ಟಬಾರದೆಂದು ನಡಾವಳಿಯಲ್ಲಿ ಬರೆಸಿದೆವು. ಕಾಲುಸಂಕವನ್ನು ಪಟ್ಟಿಯ ಮೊದಲಿಗೆ ಹಾಕಿದೆವು, ಅದು ಆಯಿತು. ಮನೆಯ ಜಾಗ ನನ್ನ ಅವಧಿ ಮುಗಿಯುವವರೆಗೂ ಸಿಗಲಿಲ್ಲ.

ನೆಲದ ಮೇಲೆ ಊರು ಬರೆದ ಆ ಸಂಜೆ ಕಣದ ಅಂಚಿನಲ್ಲಿ ಅಸ್ಸಾಮಿನಿಂದ ಕೆಲಸಕ್ಕೆ ಬಂದ ನಾಲ್ಕೈದು ಜನ ನಿಂತು ನೋಡುತ್ತಿದ್ದರು. ಇಲ್ಲಿಯ ಮತದಾರರ ಪಟ್ಟಿಯಲ್ಲಿದ್ದವರು ಮಾತ್ರ ಗ್ರಾಮಸಭೆಯ ಸದಸ್ಯರು. ಅವರ ಹೆಸರನ್ನು ಪುಸ್ತಕದಲ್ಲಿ ಬರೆಯುವಂತಿರಲಿಲ್ಲ. ಅವರಲ್ಲೊಬ್ಬ ಬಗ್ಗಿ, ತಮ್ಮ ಶೆಡ್ಡು ಇದ್ದ ಕಡೆ ಒಂದು ಹೆಂಚಿನ ಚೂರು ಇಟ್ಟು ಹಿಂದೆ ಸರಿದ. ಅದನ್ನು ಯಾರೂ ತೆಗೆಯಲಿಲ್ಲ. ನಕ್ಷೆಯನ್ನು ಹಾಳೆಗೆ ಇಳಿಸುವಾಗ ಆ ಚೂರನ್ನೂ ಬರೆದುಕೊಂಡೆ.